ಮಿಸ್ರಾತಾದ ಒಂದು ಸಾವು, ಬ್ರಾಂಕ್ಸ್‌ನ ಒಂದು ತರಗತಿ

ಒಂದು ಪಿಕಪ್ ಗಾಡಿ. ಹಿಂದಿನ ತೆರೆದ ಜಾಗದಲ್ಲಿ ಒಬ್ಬ ಫೋಟೊಗ್ರಾಫರ್ ಮಲಗಿದ್ದಾರೆ. ತೊಡೆಸಂದಿನಿಂದ ರಕ್ತ ಹೋಗುತ್ತಿದೆ. ಪಕ್ಕದಲ್ಲಿ ಇನ್ನೊಬ್ಬ ಫೋಟೊಗ್ರಾಫರ್ ಕೂತು ಅವರ ಕೈ ಹಿಡಿದುಕೊಂಡಿದ್ದಾರೆ. ಗಾಡಿ ಆಸ್ಪತ್ರೆಯ ಕಡೆ ಓಡುತ್ತಿದೆ.

ಇದು 2011ರ ಏಪ್ರಿಲ್ 20, ಬುಧವಾರ. ಊರು ಲಿಬಿಯಾದ ಮಿಸ್ರಾತಾ. ಮಲಗಿದ್ದವರು ಟಿಮ್ ಹೆದರಿಂಗ್ಟನ್, ವಯಸ್ಸು 40. ಕೈ ಹಿಡಿದವರು ಸ್ಪೇನ್‌ನ ಗಿಯೆರ್ಮೊ ಸೆರ್ವೆರಾ. ಮಾರ್ಟರ್ ಶೆಲ್‌ನ ಒಂದು ಚೂರು ಹೆದರಿಂಗ್ಟನ್ ಅವರ ತೊಡೆಯ ಮೇಲ್ಭಾಗದ ದೊಡ್ಡ ರಕ್ತನಾಳವನ್ನು ಕತ್ತರಿಸಿತ್ತು. ಹಾಗೇ ರಕ್ತ ಹೋಗಿ ಅವರು ತೀರಿಕೊಂಡರು. ಅದೇ ಸ್ಫೋಟದಲ್ಲಿ ಗೆಟ್ಟಿ ಇಮೇಜಸ್ ಎಂಬ ಚಿತ್ರಸಂಸ್ಥೆಯ ಫೋಟೊಗ್ರಾಫರ್ ಕ್ರಿಸ್ ಹಾಂಡ್ರೋಸ್ ಅವರ ತಲೆಗೆ ಪೆಟ್ಟಾಯಿತು. ಅವರು ಇನ್ನೂ ಕೆಲವು ತಾಸು ಉಸಿರಾಡಿದರು, ಉಳಿಯಲಿಲ್ಲ. ಅವರಿಗೆ 41. ಆ ವರ್ಷದ ಆಗಸ್ಟ್‌ನಲ್ಲಿ ಮದುವೆ ಗೊತ್ತಾಗಿತ್ತು. ಜೊತೆಗಿದ್ದ ಇನ್ನಿಬ್ಬರು ಫೋಟೊಗ್ರಾಫರ್‌ಗಳು, ಗೈ ಮಾರ್ಟಿನ್ ಮತ್ತು ಮೈಕೆಲ್ ಕ್ರಿಸ್ಟೋಫರ್ ಬ್ರೌನ್, ಗಾಯಗೊಂಡು ಬದುಕಿದರು.

ಯುದ್ಧದಲ್ಲಿ ಪತ್ರಕರ್ತರು ಸಾಯುವುದು ಹೊಸದಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಸಾವಿನ ನಂತರ ನಡೆದ ಒಂದು ಮಾತುಕತೆ. ಆ ಮಾತಿನಿಂದ ಒಂದು ಕಾರ್ಯಾಗಾರ ಹುಟ್ಟಿತು. ಛಾಯಾಪತ್ರಕರ್ತರಿಗಾಗಿ ನಡೆದ ತರಬೇತಿಗಳಲ್ಲಿ ನಾನು ಇಷ್ಟು ಕೂಲಂಕಷವಾಗಿ ಓದಿಕೊಂಡದ್ದು ಅದೊಂದನ್ನೇ. ಅಲ್ಲಿ ಕ್ಯಾಮೆರಾ ಬಗ್ಗೆ ಒಂದು ಅಕ್ಷರವೂ ಹೇಳಿಕೊಡುತ್ತಿರಲಿಲ್ಲ.

ಅಲ್ಲಿ ಇದ್ದವರು

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಬಿಡುತ್ತೇನೆ. ಇವರು ಯಾರೂ ಹೊಸಬರಲ್ಲ.

ಹೆದರಿಂಗ್ಟನ್ ಇಂಗ್ಲೆಂಡಿನವರು. 2003ರಲ್ಲಿ ಲೈಬೀರಿಯಾದ ಅಂತರ್ಯುದ್ಧವನ್ನು ಬಂಡುಕೋರರ ಜೊತೆಗಿದ್ದು ಚಿತ್ರೀಕರಿಸಿದ್ದರು. ಅಲ್ಲಿ ಬೇಹುಗಾರ ಎಂಬ ಗುಮಾನಿಯ ಮೇಲೆ ಒಬ್ಬ ವೈದ್ಯನನ್ನು ಗುಂಡಿಟ್ಟು ಕೊಲ್ಲಲು ಹೊರಟಾಗ ಇವರು ಅಡ್ಡ ನಿಂತು ತಪ್ಪಿಸಿದ್ದರು. ಆಮೇಲೆ ಅಫ್ಘಾನಿಸ್ತಾನದ ಕೊರೆಂಗಲ್ ಕಣಿವೆ. ಅಲ್ಲಿ ತೆಗೆದ, ಬಸವಳಿದ ಸೈನಿಕನ ಚಿತ್ರಕ್ಕೆ ವರ್ಲ್ಡ್ ಪ್ರೆಸ್ ಫೋಟೊದ 2007ರ ವರ್ಷದ ಚಿತ್ರ ಎಂಬ ಗೌರವ ಬಂತು. ಅದೇ ಕಣಿವೆಯಲ್ಲಿ ಪತ್ರಕರ್ತ ಸೆಬಾಸ್ಟಿಯನ್ ಯುಂಗರ್ ಜೊತೆ ಸೇರಿ ಮಾಡಿದ ಸಾಕ್ಷ್ಯಚಿತ್ರ ಆಸ್ಕರ್‌ಗೆ ನಾಮನಿರ್ದೇಶನ ಆಯಿತು. ಆಸ್ಕರ್ ಸಮಾರಂಭ ನಡೆದದ್ದು 2011ರ ಫೆಬ್ರವರಿ 27ಕ್ಕೆ. ಎರಡು ತಿಂಗಳೂ ಕಳೆದಿರಲಿಲ್ಲ, ಅವರು ಆ ಪಿಕಪ್‌ನಲ್ಲಿದ್ದರು. ಹಾಂಡ್ರೋಸ್ ಕೂಡ ಕೊಸೊವೊ, ಇರಾಕ್, ಲೈಬೀರಿಯಾ ಸುತ್ತಿ ಬಂದವರು.

ಆಗ ಬಂಡುಕೋರರ ಕೈಯಲ್ಲಿದ್ದ ಮಿಸ್ರಾತಾಕ್ಕೆ ಲಿಬಿಯಾದ ಸರ್ವಾಧಿಕಾರಿ ಗಡಾಫಿಯ ಸೇನೆ ಮುತ್ತಿಗೆ ಹಾಕಿತ್ತು. ನೆಲದ ದಾರಿಗಳೆಲ್ಲ ಬಂದ್. ಬೆಂಗಾಜಿಯಿಂದ ಹಡಗಿನಲ್ಲೇ ಬರಬೇಕು, ಹಡಗಿನಲ್ಲೇ ಹೋಗಬೇಕು. ಊರಿನ ನಡುವಿನ ಟ್ರಿಪೋಲಿ ಬೀದಿಯಲ್ಲಿ ಮನೆಯಿಂದ ಮನೆಗೆ ಕಾದಾಟ ನಡೆದಿತ್ತು. ನ್ಯಾಟೊ ವಿಮಾನಗಳ ಸುಳಿವೇ ಇಲ್ಲ ಎಂದು ಹೆದರಿಂಗ್ಟನ್ ಹಿಂದಿನ ದಿನ ಟ್ವೀಟ್ ಮಾಡಿದ್ದರು.

ಇಂಥ ಜಾಗದಲ್ಲಿ ಗಾಯವಾದರೆ ಹೆಲಿಕಾಪ್ಟರ್ ಬರುವುದಿಲ್ಲ. ಆಂಬುಲೆನ್ಸ್ ಸಿಕ್ಕರೆ ಅದೃಷ್ಟ. ಪಕ್ಕದಲ್ಲಿ ಯಾರು ಇದ್ದಾರೋ ಅವರೇ ವೈದ್ಯರು. ಆ ದಿನ ಪಕ್ಕದಲ್ಲಿ ಇದ್ದವರು ಬಂಡುಕೋರ ಹುಡುಗರು ಮತ್ತು ಫೋಟೊಗ್ರಾಫರ್‌ಗಳು. ಬೆಳಕು ಹೇಗೆ ಬೀಳುತ್ತದೆ, ಶೆಲ್ ಯಾವ ದಿಕ್ಕಿನಿಂದ ಬರುತ್ತದೆ, ಯಾವ ಗೋಡೆಯ ಮರೆಗೆ ಹೋಗಬೇಕು, ಇದೆಲ್ಲ ಆ ಫೋಟೊಗ್ರಾಫರ್‌ಗಳಿಗೆ ಗೊತ್ತು. ಹರಿಯುವ ರಕ್ತವನ್ನು ನಿಲ್ಲಿಸುವುದು ಹೇಗೆ ಅಂತ ಮಾತ್ರ ಹೆದರಿಂಗ್ಟನ್ ಪಕ್ಕದಲ್ಲಿದ್ದವರಿಗೆ ಗೊತ್ತಿರಲಿಲ್ಲ.

ಇದು ಅವರನ್ನು ದೂರುವ ಮಾತಲ್ಲ. ಸೆರ್ವೆರಾ ಕೈ ಬಿಡದೆ ಕೂತರಲ್ಲ, ಅದಕ್ಕೂ ಗಟ್ಟಿ ಗುಂಡಿಗೆ ಬೇಕು. ನಾನಿದ್ದಿದ್ದರೆ ಅದನ್ನೂ ಮಾಡುತ್ತಿದ್ದೆನೋ ಇಲ್ಲವೋ.

ಆರು ತಿಂಗಳ ಹಿಂದೆ, ಇನ್ನೊಂದು ಗಾಯ

ಈ ಪ್ರಕರಣವನ್ನು ಒಂಟಿಯಾಗಿ ನೋಡಿದರೆ ದುರದೃಷ್ಟ ಅಂತ ಅನಿಸುತ್ತದೆ. ಪಕ್ಕದಲ್ಲಿ ಇನ್ನೊಂದನ್ನು ಇಟ್ಟರೆ ಬೇರೆಯೇ ಕಾಣುತ್ತದೆ.

2010ರ ಅಕ್ಟೋಬರ್ 23. ಅಫ್ಘಾನಿಸ್ತಾನದ ಕಂದಹಾರ್ ಪ್ರಾಂತ್ಯದ ಅರ್ಘಂದಾಬ್. ನ್ಯೂಯಾರ್ಕ್ ಟೈಮ್ಸ್‌ಗೆ ಕೆಲಸ ಮಾಡುತ್ತಿದ್ದ ಜುವಾವ್ ಸಿಲ್ವಾ ಅಮೆರಿಕದ ಸೈನಿಕರ ಜೊತೆ ಗಸ್ತಿನಲ್ಲಿದ್ದಾಗ ನೆಲಬಾಂಬಿನ ಮೇಲೆ ಕಾಲಿಟ್ಟರು. ಎರಡೂ ಕಾಲು ಹೋದವು. ಒಳಗೂ ಗಾಯ. ಬಿದ್ದಲ್ಲೇ ಅವರು ಕೆಲವು ಚಿತ್ರ ತೆಗೆದರು ಎಂಬ ಮಾತು ನಮ್ಮ ವೃತ್ತಿಯಲ್ಲಿ ದಂತಕಥೆಯಂತೆ ಓಡಾಡುತ್ತದೆ. ನಿಜವೂ ಹೌದು. ಆದರೆ ಆ ಕಥೆ ಹೇಳುವವರು ಅದರ ಇನ್ನೊಂದು ಅರ್ಧವನ್ನು ಬಿಟ್ಟುಬಿಡುತ್ತಾರೆ. ಜೊತೆಗಿದ್ದ ಸೈನಿಕರು ತಕ್ಷಣ ಅವರ ಕಾಲುಗಳಿಗೆ ಟೂರ್ನಿಕೆ ಬಿಗಿದರು. ಹೆಲಿಕಾಪ್ಟರ್ ಬಂತು. ಸಿಲ್ವಾ ಬದುಕಿದರು. 2011ರ ಜುಲೈನಲ್ಲಿ, ಕೃತಕ ಕಾಲುಗಳ ಮೇಲೆ ನಿಂತು ಅವರು ತೆಗೆದ ಚಿತ್ರ ಅದೇ ಪತ್ರಿಕೆಯ ಮುಖಪುಟಕ್ಕೆ ಬಂತು.

ಟೂರ್ನಿಕೆ ಅಂದರೆ ದೊಡ್ಡ ಯಂತ್ರವೇನಲ್ಲ. ಅಗಲವಾದ ಒಂದು ಬಿಗಿಪಟ್ಟಿ, ಅದರ ಮೇಲೊಂದು ಚಿಕ್ಕ ಕಡ್ಡಿ. ಕಡ್ಡಿ ತಿರುವಿದಂತೆ ಪಟ್ಟಿ ಬಿಗಿಯಾಗಿ ಒಳಗಿನ ರಕ್ತನಾಳ ಮುಚ್ಚಿಕೊಳ್ಳುತ್ತದೆ. ಅಂಗಿ ಜೇಬಿನಲ್ಲಿ ಹಿಡಿಸುತ್ತದೆ. ಇರಾಕ್ ಮತ್ತು ಅಫ್ಘಾನಿಸ್ತಾನದ ಯುದ್ಧಗಳಲ್ಲಿ ಅಮೆರಿಕದ ಸೇನೆ ಇದನ್ನು ಪ್ರತಿ ಸೈನಿಕನಿಗೂ ಕೊಟ್ಟು, ಒಂದೇ ಕೈಯಲ್ಲಿ ಹಾಕಿಕೊಳ್ಳುವುದನ್ನೂ ಕಲಿಸಿತ್ತು.

ಆ ಸೇನೆಯ ವೈದ್ಯರು 2012ರಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟಿಸಿದರು. 2001ರಿಂದ 2011ರವರೆಗೆ ಯುದ್ಧದಲ್ಲಿ ಗಾಯಗೊಂಡು ಸತ್ತ 4,596 ಜನರ ದಾಖಲೆ ನೋಡಿದ್ದರು. ಹೆಚ್ಚಿನವರು ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿದ್ದರು. ಹಾಗೆ ಹೋದವರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರ ಗಾಯ ಬದುಕಬಹುದಾದಂಥದ್ದು. ಆ ಬದುಕಬಹುದಾಗಿದ್ದವರಲ್ಲಿ ಹತ್ತರಲ್ಲಿ ಒಂಬತ್ತು ಜನ ಸತ್ತದ್ದು ರಕ್ತ ಹೋಗಿ. ಅಂದರೆ ಅಷ್ಟೆಲ್ಲ ತರಬೇತಿ ಇರುವ ಸೇನೆಯಲ್ಲೂ ಹೀಗೆ. ಏನೂ ಕಲಿಯದ ಫೋಟೊಗ್ರಾಫರ್ ಗುಂಪಿನಲ್ಲಿ?

ಸಿಲ್ವಾ ಮತ್ತು ಹೆದರಿಂಗ್ಟನ್ ಗಾಯಗಳು ಒಂದೇ ಥರದವಲ್ಲ. ಕಾಲಿಗೆ ಬಿಗಿಯಬಹುದು, ತೊಡೆಸಂದಿಗೆ ಬಿಗಿಯಲು ಜಾಗವೇ ಇಲ್ಲ. ಅಲ್ಲಿ ಬೇರೆ ವಿದ್ಯೆ ಬೇಕು. ಆದರೂ ಎರಡೂ ಘಟನೆಗಳಲ್ಲಿ ಕಣ್ಣಿಗೆ ಹೊಡೆಯುವ ವ್ಯತ್ಯಾಸ ಒಂದೇ: ಸುತ್ತ ಇದ್ದವರ ಕೈಗೆ ಏನು ಗೊತ್ತಿತ್ತು ಎಂಬುದು.

ಒಂದು ಮಾತು, ಆಮೇಲೆ ತರಗತಿ

ಯುಂಗರ್ ಆ ಪ್ರವಾಸಕ್ಕೆ ಹೆದರಿಂಗ್ಟನ್ ಜೊತೆ ಹೋಗಬೇಕಿತ್ತು. ಕೊನೆಯ ಗಳಿಗೆಯಲ್ಲಿ ಸ್ವಂತ ಕಾರಣಕ್ಕೆ ಹೋಗಲಾಗಲಿಲ್ಲ. ಗೆಳೆಯ ಸತ್ತ ಮೇಲೆ, ಯುದ್ಧಭೂಮಿಯ ಗಾಯಗಳನ್ನು ನೋಡಿ ಬಲ್ಲ ಒಬ್ಬರು ಯುಂಗರ್‌ಗೆ ಒಂದು ಮಾತು ಹೇಳಿದರು. ಆ ಗಾಯಕ್ಕೆ ಟಿಮ್ ಸಾಯಲೇಬೇಕು ಅಂತ ಇರಲಿಲ್ಲ. ಪಕ್ಕದಲ್ಲಿದ್ದ ಯಾರಿಗಾದರೂ ರಕ್ತ ತಡೆಯುವುದು ಗೊತ್ತಿದ್ದರೆ, ಆಸ್ಪತ್ರೆ ಮುಟ್ಟುವಷ್ಟು ಹೊತ್ತು ಸಿಗಬಹುದಿತ್ತು.

ಈ ಮಾತು ಕೇಳಿ ಸುಮ್ನೆ ಇರುವುದು ಹೇಗೆ? ಯುಂಗರ್ ಅದೇ ವರ್ಷ ಒಂದು ಸಂಸ್ಥೆ ಕಟ್ಟಿದರು. ಹೆಸರು ರಿಸ್ಕ್. ಸಹೋದ್ಯೋಗಿಗಳ ಜೀವ ಉಳಿಸಲು ತರಬೇತಾದ ವರದಿಗಾರರು ಎಂಬ ಅರ್ಥದ ನಾಲ್ಕು ಇಂಗ್ಲಿಷ್ ಪದಗಳ ಮೊದಲ ಅಕ್ಷರಗಳು. ತಾವು ಮಾತ್ರ ಮುಂಚೂಣಿಯ ಯುದ್ಧ ವರದಿಗಾರಿಕೆಯನ್ನೇ ಬಿಟ್ಟರು.

ಮೊದಲ ತರಗತಿ ನಡೆದದ್ದು 2012ರ ಏಪ್ರಿಲ್‌ನಲ್ಲಿ, ಹೆದರಿಂಗ್ಟನ್ ತೀರಿಕೊಂಡು ಸರಿಯಾಗಿ ಒಂದು ವರ್ಷದ ಹೊತ್ತಿಗೆ. ಜಾಗ ನ್ಯೂಯಾರ್ಕಿನ ಬ್ರಾಂಕ್ಸ್ ಡಾಕ್ಯುಮೆಂಟರಿ ಸೆಂಟರ್. ಅದನ್ನು ಶುರು ಮಾಡಿದವರಲ್ಲಿ ಒಬ್ಬರಾದ ಮೈಕೆಲ್ ಕಾಂಬರ್ ಸ್ವತಃ ಯುದ್ಧದ ಫೋಟೊಗ್ರಾಫರ್. ಒಂದು ತಂಡಕ್ಕೆ 24 ಜನ. ಅಲ್ಲಿ ಕೂತವರು ಲೆನ್ಸ್ ಹಿಡಿದು ವರ್ಷಗಟ್ಟಲೆ ದುಡಿದವರು, ಒಬ್ಬೊಬ್ಬರಿಗೂ ಹೇಳಲು ಒಂದೊಂದು ಯುದ್ಧದ ಕಥೆ. ನೆಲದ ಮೇಲೆ ಮಂಡಿಯೂರಿ ಗೊಂಬೆಯ ಗಾಯಕ್ಕೆ ಗಾಜ್ ಬಟ್ಟೆ ತುರುಕುವುದನ್ನು ಮಾತ್ರ ಮಕ್ಕಳ ಥರ ಮೊದಲಿಂದ ಕಲಿತರು.

ಈ ಕಾರ್ಯಾಗಾರದ ವಿನ್ಯಾಸದಲ್ಲಿ ನನಗೆ ಇಷ್ಟವಾದದ್ದು ಹೀಗೆ: ಪ್ರತಿ ನಿರ್ಧಾರವನ್ನೂ ಹಿಂದಕ್ಕೆ ಎಳೆದುಕೊಂಡು ಹೋದರೆ ಆ ಪಿಕಪ್ ಗಾಡಿ ಸಿಗುತ್ತದೆ.

ಫ್ರೀಲಾನ್ಸ್ ಮಾಡುವವರಿಗೆ ಮಾತ್ರ ಪ್ರವೇಶ. ಯಾಕೆ? ದೊಡ್ಡ ಸುದ್ದಿಸಂಸ್ಥೆಗಳು ತಮ್ಮ ನೌಕರರನ್ನು ಅಪಾಯದ ಜಾಗಗಳಿಗೆ ಕಳಿಸುವ ಮೊದಲು ಸುರಕ್ಷತೆ ಮತ್ತು ಪ್ರಥಮ ಚಿಕಿತ್ಸೆಯ ತರಬೇತಿಗೆ ಕಳಿಸುವ ರೂಢಿ ಮೊದಲೇ ಇತ್ತು. ಖಾಸಗಿ ಕಂಪನಿಗಳು ನಡೆಸುವ ಅಂಥ ತರಬೇತಿಗೆ ಸಾವಿರಾರು ಡಾಲರ್ ಬೇಕು. ಒಂದು ಚಿತ್ರಕ್ಕೆ ಇಷ್ಟು ಅಂತ ದುಡಿಯುವವರು ಅದನ್ನು ಎಲ್ಲಿಂದ ತರುತ್ತಾರೆ? ಹಾಗಾಗಿ ಮುಂಚೂಣಿಯಲ್ಲಿ ಜಾಸ್ತಿ ಇರುವವರೇ ಏನೂ ಕಲಿಯದವರು ಎಂಬ ವಿಚಿತ್ರ ಪರಿಸ್ಥಿತಿ. ಅದೇ ಕಾರಣಕ್ಕೆ ತರಬೇತಿ ಉಚಿತ. ಹಣ ದಾನಿಗಳಿಂದ ಬರುತ್ತಿತ್ತು.

ಮುಗಿಸಿ ಹೋಗುವಾಗ ಕೈಯಲ್ಲಿ ಒಂದು ಕಿಟ್ ಕೊಟ್ಟು ಕಳಿಸುತ್ತಿದ್ದರು. ಇದು ಚಿಕ್ಕ ವಿಷಯ ಅಲ್ಲ. ಕಲಿತ ಕೈಗೆ ಸಾಮಾನು ಇಲ್ಲದಿದ್ದರೆ ಕಲಿತದ್ದು ದಂಡ. ಬೆಲ್ಟ್ ಬಿಚ್ಚಿ ಕಟ್ಟಿದರಾಯಿತು ಅಂತ ಸಿನಿಮಾ ನೋಡಿ ಅಂದುಕೊಂಡಿರುತ್ತೇವೆ. ಚರ್ಮದ ಬೆಲ್ಟ್ ಗಡುಸು, ತಿರುವಿ ಬಿಗಿಯಲು ಆಗುವುದೇ ಇಲ್ಲ. ಅರೆಬರೆ ಬಿಗಿದರೆ ಇನ್ನೂ ಕೆಟ್ಟದ್ದು: ಕಾಲಿನಿಂದ ವಾಪಸ್ ಬರುವ ರಕ್ತ ನಿಲ್ಲುತ್ತದೆ, ಒಳಗೆ ಹೋಗುವುದು ನಿಲ್ಲುವುದಿಲ್ಲ, ಗಾಯದಿಂದ ಸೋರುವುದು ಹೆಚ್ಚುತ್ತದೆ.

ಇನ್ನು ಪಾಠದ ಕ್ರಮ. ನಾವು ಶಾಲೆಯಲ್ಲಿ ಕಲಿತ ಪ್ರಥಮ ಚಿಕಿತ್ಸೆಯಲ್ಲಿ ಮೊದಲು ಉಸಿರಾಟ ನೋಡು, ಆಮೇಲೆ ಉಳಿದದ್ದು ಅಂತಿತ್ತು. ಯುದ್ಧಗಾಯಗಳ ಪಾಠದಲ್ಲಿ ಅದು ತಲೆಕೆಳಗು. ಮೊದಲು ರಕ್ತ. ದೊಡ್ಡವರ ಮೈಯಲ್ಲಿ ಸುಮಾರು ಐದು ಲೀಟರ್ ರಕ್ತ ಇರುತ್ತದೆ. ತೊಡೆಯ ದೊಡ್ಡ ರಕ್ತನಾಳ ತುಂಡಾದರೆ ಕೆಲವೇ ನಿಮಿಷಗಳಲ್ಲಿ ಸಾಯುವಷ್ಟು ಹೊರಗೆ ಹೋಗುತ್ತದೆ. ಹಾಗಾಗಿ ಮೊದಲು ಅದನ್ನು ನಿಲ್ಲಿಸಬೇಕು. ನಂತರ ಉಸಿರಿನ ದಾರಿ, ನಂತರ ಎದೆಗೆ ತೂತಾಗಿದೆಯೇ ಎಂದು ನೋಡುವುದು, ಆಮೇಲೆ ನಾಡಿ, ಕೊನೆಗೆ ಮೈ ತಣ್ಣಗಾಗದಂತೆ ಹೊದಿಸುವುದು. ಮರುಭೂಮಿಯ ಬಿಸಿಲಲ್ಲೂ ಹೊದಿಸಬೇಕು. ಮೈ ತಣ್ಣಗಾದರೆ ರಕ್ತ ಹೆಪ್ಪುಗಟ್ಟುವುದು ನಿಧಾನ ಆಗುತ್ತದೆ. ನನಗೆ ಇದು ಗೊತ್ತೇ ಇರಲಿಲ್ಲ.

ತೊಡೆಸಂದಿನ ಗಾಯಕ್ಕೆ ಬರೋಣ. ಬಿಗಿಪಟ್ಟಿ ಅಲ್ಲಿ ನಡೆಯುವುದಿಲ್ಲ ಅಂದೆನಲ್ಲ. ಅಲ್ಲಿ ಗಾಯದ ಒಳಗೇ ಕೈ ಹಾಕಬೇಕು. ರಕ್ತ ಎಲ್ಲಿಂದ ಚಿಮ್ಮುತ್ತಿದೆ ಎಂದು ಬೆರಳಲ್ಲಿ ಹುಡುಕಿ, ಸರಿಯಾಗಿ ಅದರ ಮೇಲೆಯೇ ಗಾಜ್ ಬಟ್ಟೆ ಒತ್ತಿ, ಗುಳಿ ತುಂಬುವವರೆಗೆ ತುರುಕುತ್ತ ಹೋಗಬೇಕು. ಆಮೇಲೆ ಮೈಯ ಭಾರವನ್ನೆಲ್ಲ ಹಾಕಿ ಒತ್ತಿ ಹಿಡಿಯಬೇಕು. ರಕ್ತ ಹೆಪ್ಪುಗಟ್ಟಿಸುವ ಔಷಧಿ ಸವರಿದ ಗಾಜ್ ಆದರೆ ಕನಿಷ್ಠ ಮೂರು ನಿಮಿಷ. ಸಾದಾ ಗಾಜ್ ಆದರೆ ಹತ್ತು ನಿಮಿಷವಾದರೂ ಬೇಕು. ನಡುವೆ ನಿಂತಿತಾ ಅಂತ ಎತ್ತಿ ನೋಡಬಾರದು. ಗಾಯಗೊಂಡವರು ನೋವಿಗೆ ಚೀರುತ್ತಾರೆ, ಕೈ ತಳ್ಳುತ್ತಾರೆ. ಬಿಡಬಾರದು.

ಓದುವಾಗ ಇದು ಸುಲಭ. ಮಾಡುವಾಗ ಮನುಷ್ಯರ ಕೈ ಹಿಂದೆಗೆಯುತ್ತದೆ. ಗಾಯ ಮುಟ್ಟಬಾರದು ಅಂತಲೇ ನಾವು ಹುಟ್ಟಿನಿಂದ ಕಲಿತಿರುತ್ತೇವೆ, ಅಲ್ವಾ? ಅದಕ್ಕೇ ಆ ತರಗತಿಯಲ್ಲಿ ಮಾತು ಕಡಿಮೆ, ಕೈಕೆಲಸ ಜಾಸ್ತಿ. ಕೊನೆಗೆ ಒಂದು ಅಣಕು ಯುದ್ಧ. ಹೊಗೆ, ಗುಂಡಿನ ಸದ್ದು, ಚೀರಾಟ, ನಕಲಿ ರಕ್ತ. ಏದುಸಿರು ಬಿಡುತ್ತ, ಕಾಣದ ಕತ್ತಲಲ್ಲಿ, ಬೆರಳಿಗೆ ಜಾರುವ ಪಟ್ಟಿಯನ್ನು ಬಿಗಿಯಬೇಕು. ಶಾಂತವಾದ ಕೋಣೆಯಲ್ಲಿ ಕಲಿತದ್ದು ಗದ್ದಲದಲ್ಲಿ ಮರೆತುಹೋಗುತ್ತದೆ ಎಂಬುದು ಡ್ರಮ್ಮಿನ ಸದ್ದಲ್ಲಿ ಕ್ಯಾಮೆರಾದ ಐಎಸ್ಒ, ಅಂದರೆ ಬೆಳಕಿಗೆ ತಕ್ಕ ಸೆಟ್ಟಿಂಗ್, ಬದಲಿಸಲು ತಡಕಾಡಿದ ಪ್ರತಿಯೊಬ್ಬ ಫೋಟೊಗ್ರಾಫರ್‌ಗೂ ಗೊತ್ತು.

ಹೆಸರಿನಲ್ಲಿರುವ ಇನ್ನೊಂದು ಪದವನ್ನೂ ಗಮನಿಸಬೇಕು: ಸಹೋದ್ಯೋಗಿ. ನಿಮ್ಮನ್ನು ನೀವು ಕಾಪಾಡಿಕೊಳ್ಳಿ ಎಂದು ಅಲ್ಲಿ ಹೇಳುತ್ತಿಲ್ಲ. ನೀವು ಕಲಿತದ್ದು ಪಕ್ಕದವರಿಗೆ, ಪಕ್ಕದವರು ಕಲಿತದ್ದು ನಿಮಗೆ. ಮುಂಚೂಣಿಯಲ್ಲಿ ಒಂದೇ ಚಿತ್ರಕ್ಕಾಗಿ ಪೈಪೋಟಿ ಮಾಡುವವರಿಗೆ ಇದನ್ನು ಕಲಿಸುವುದೇ ಒಂದು ದೊಡ್ಡ ಪಾಠ ಅನಿಸುತ್ತದೆ ನನಗೆ.

ಎಲ್ಲಿ ಸಾಲದು

ಈಗ ತಕರಾರುಗಳು. ಹೆದರಿಂಗ್ಟನ್ ಖಂಡಿತ ಬದುಕುತ್ತಿದ್ದರು ಅಂತ ಯಾರೂ ಆಣೆ ಮಾಡಿ ಹೇಳಲಾಗದು. ಆ ಸೇನಾ ಅಧ್ಯಯನದಲ್ಲೇ ತೊಡೆಸಂದು, ಕಂಕುಳಿನಂಥ ಜಾಗಗಳ ಗಾಯಗಳು ಬೇರೆ ಗುಂಪಾಗಿ ನಿಂತಿವೆ. ಬದುಕಬಹುದಾಗಿದ್ದು ರಕ್ತ ಹೋಗಿ ಸತ್ತವರಲ್ಲಿ ಐದರಲ್ಲಿ ಒಬ್ಬರ ಗಾಯ ಅಂಥದ್ದು. ಎಲ್ಲಕ್ಕಿಂತ ದೊಡ್ಡ ಗುಂಪು ಎದೆ ಮತ್ತು ಹೊಟ್ಟೆಯ ಒಳಗಿನ ರಕ್ತಸ್ರಾವದ್ದು. ಅದಕ್ಕೆ ರಸ್ತೆ ಮೇಲೆ ಏನೂ ಮಾಡಲಾಗದು, ಬೇಗ ಶಸ್ತ್ರಚಿಕಿತ್ಸೆಯೇ ಬೇಕು. 2020ರ ಜೂನ್‌ನಲ್ಲಿ ಯುಂಗರ್ ಅವರೇ ಹೊಟ್ಟೆಯೊಳಗಿನ ರಕ್ತನಾಳ ಒಡೆದು ಸಾವಿನ ಬಾಗಿಲಿಗೆ ಹೋಗಿ ಬಂದರು. ಅವರು ಆರಂಭಿಸಿದ ತರಗತಿಯ ಯಾವ ಪಾಠವೂ ಅಲ್ಲಿ ನಡೆಯುತ್ತಿರಲಿಲ್ಲ. ಆಸ್ಪತ್ರೆಯೇ ಉಳಿಸಿತು.

ಎರಡನೆಯದು ಇನ್ನೂ ಕಠಿಣ. ಅದೇ ಲಿಬಿಯಾ ಯುದ್ಧದಲ್ಲಿ, ಮಿಸ್ರಾತಾ ಘಟನೆಗೆ ಹದಿನೈದು ದಿನ ಮುಂಚೆ, ಏಪ್ರಿಲ್ 5ಕ್ಕೆ ದಕ್ಷಿಣ ಆಫ್ರಿಕಾದ ಫ್ರೀಲಾನ್ಸ್ ಫೋಟೊಗ್ರಾಫರ್ ಆಂಟನ್ ಹ್ಯಾಮರ್ಲ್ ಬ್ರೇಗಾ ಹತ್ತಿರ ಗುಂಡೇಟಿಗೆ ಸಿಕ್ಕರು. ಜೊತೆಗಿದ್ದ ಮೂವರನ್ನು ಗಡಾಫಿ ಸೈನಿಕರು ಹಿಡಿದೊಯ್ದರು. ಹ್ಯಾಮರ್ಲ್ ಮರುಭೂಮಿಯಲ್ಲೇ ಬಿದ್ದು ತೀರಿಕೊಂಡರು. ಅಲ್ಲಿ ಎಂಥ ಕಿಟ್ ಇದ್ದರೂ ಯಾರು ಬಳಸುತ್ತಿದ್ದರು? ಆ ಮೂವರಲ್ಲಿ ಒಬ್ಬರಾದ ಜೇಮ್ಸ್ ಫೋಲಿ ಬಿಡುಗಡೆಯಾಗಿ ಬಂದು, ಮುಂದೆ ಸಿರಿಯಾದಲ್ಲಿ ಮತ್ತೆ ಅಪಹರಣವಾಗಿ 2014ರ ಆಗಸ್ಟ್‌ನಲ್ಲಿ ಕೊಲೆಯಾದರು. ಪ್ರಥಮ ಚಿಕಿತ್ಸೆ ಇದನ್ನು ಮುಟ್ಟುವುದೇ ಇಲ್ಲ.

ನಮ್ಮವರೇ ಆದ, ರಾಯಿಟರ್ಸ್ ಸುದ್ದಿಸಂಸ್ಥೆಯ ಫೋಟೊಗ್ರಾಫರ್ ಡ್ಯಾನಿಶ್ ಸಿದ್ದಿಕಿ ಕೂಡ ಹಾಗೆ. 2021ರ ಜುಲೈ 16ರಂದು ಕಂದಹಾರ್‌ನ ಸ್ಪಿನ್ ಬೋಲ್ಡಕ್‌ನಲ್ಲಿ ಮೊದಲು ಅವರ ತೋಳಿಗೆ ಶೆಲ್ ಚೂರು ತಾಗಿತ್ತು. ಆ ಗಾಯಕ್ಕೆ ಚಿಕಿತ್ಸೆಯೂ ಸಿಕ್ಕಿತ್ತು. ಕೊಂದದ್ದು ಆ ಗಾಯ ಅಲ್ಲ. ಅದರ ನಂತರ ನಡೆದದ್ದು.

ಹಾಗಾದರೆ ಫ್ರೀಲಾನ್ಸರ್‌ಗಳನ್ನು ಅಲ್ಲಿಗೆ ತಳ್ಳುವುದು ಯಾವುದು? ಅವರ ಚಿತ್ರ ಕೊಳ್ಳುವ, ಆದರೆ ಅವರ ಜವಾಬ್ದಾರಿ ಹೊರದ ಮಾರುಕಟ್ಟೆ. ಟೂರ್ನಿಕೆ ಆ ಗಾಯಕ್ಕೆ ಸಾಲದು. 1993ರ ಅಕ್ಟೋಬರ್‌ನಲ್ಲಿ ಮಾಸ್ಕೋದಲ್ಲಿ ಸತ್ತ ಕ್ಯಾಮೆರಾಮನ್ ರೋರಿ ಪೆಕ್ ಹೆಸರಿನ ಟ್ರಸ್ಟ್ 1995ರಿಂದಲೂ ಫ್ರೀಲಾನ್ಸರ್‌ಗಳ ನೆರವಿಗೆ ನಿಂತಿದೆ, ತರಬೇತಿಗೂ ಹಣ ಕೊಡುತ್ತದೆ. ಫೋಲಿ ಕೊಲೆಯ ಬಳಿಕ, 2015ರ ಫೆಬ್ರವರಿಯಲ್ಲಿ, ಸುದ್ದಿಸಂಸ್ಥೆಗಳು ಮತ್ತು ಪತ್ರಕರ್ತರ ಸಂಘಟನೆಗಳು ಸೇರಿ ಒಂದು ನಿಯಮಾವಳಿಗೆ ಒಪ್ಪಿದವು. ಫ್ರೀಲಾನ್ಸರ್‌ಗಳು ಪ್ರಥಮ ಚಿಕಿತ್ಸೆ ಕಲಿತು, ವಿಮೆ ಮಾಡಿಸಿಕೊಂಡು ಹೋಗಬೇಕು, ಸಂಸ್ಥೆಗಳು ಅವರನ್ನು ತಮ್ಮ ನೌಕರರಂತೆಯೇ ನೋಡಿಕೊಳ್ಳಬೇಕು ಎಂಬುದು ಅದರ ಸಾರ. ಕಾಗದದ ಮೇಲೆ ಚೆನ್ನಾಗಿದೆ. ಯಾರ ಮೇಲೂ ಕಡ್ಡಾಯ ಅಲ್ಲ.

ನನ್ನ ಇನ್ನೊಂದು ತಕರಾರು ಗಾಡಿ ಓಡಿಸುವವರ ಬಗ್ಗೆ. ಗಾಯಗೊಂಡ ಫೋಟೊಗ್ರಾಫರ್ ಪಕ್ಕದಲ್ಲಿ ಮೊದಲು ಇರುವವರು ಸ್ಥಳೀಯ ಚಾಲಕರು, ದುಭಾಷಿಗಳು. 2011ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ನಾಲ್ವರು ಲಿಬಿಯಾದಲ್ಲಿ ಸೆರೆಸಿಕ್ಕು ಬದುಕಿ ಬಂದರು. ಅವರ ಲಿಬಿಯನ್ ಚಾಲಕ ಮೊಹಮ್ಮದ್ ಶಗ್ಲೌಫ್ ವಾಪಸ್ ಬರಲೇ ಇಲ್ಲ. ಕಾರ್ಯಾಗಾರಗಳ ಪಟ್ಟಿಯಲ್ಲಿ ಚಾಲಕರ ಹೆಸರು ಎಷ್ಟು ಸಲ ಇರುತ್ತದೆ?

ನಮ್ಮ ಕಡೆ

ನಮ್ಮಲ್ಲಿ ಶೆಲ್ ಬೀಳುವುದಿಲ್ಲ. ಹಾಗಂತ ಇದು ದೂರದ ಕಥೆಯೇ?

ಬ್ರಾಂಕ್ಸ್‌ನ ಮೊದಲ ತರಗತಿಗೆ ಒಂದು ತಿಂಗಳ ಮುಂಚೆ, 2012ರ ಮಾರ್ಚ್ 2ರಂದು, ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟ್ ಆವರಣದಲ್ಲಿ ಗಲಾಟೆಯಾಗಿ ಕ್ಯಾಮೆರಾ ಹಿಡಿದವರೂ ಪೊಲೀಸರೂ ಕಲ್ಲೇಟು, ಪೆಟ್ಟು ತಿಂದರು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ, 2019ರಲ್ಲಿ ಉತ್ತರ ಕರ್ನಾಟಕಕ್ಕೆ ನೆರೆ ಬಂದಾಗ, 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಜಾರಿದಾಗ, ಮೊದಲು ಓಡಿದವರಲ್ಲಿ ತಾಲ್ಲೂಕು ಮಟ್ಟದ ಸ್ಟ್ರಿಂಗರ್‌ಗಳೂ ಇದ್ದರು. ಬೈಕು, ಒಂದು ಕ್ಯಾಮೆರಾ ಅಥವಾ ಬರೀ ಮೊಬೈಲು, ಮಳೆಗೆ ಒಂದು ಪ್ಲಾಸ್ಟಿಕ್ ಕವರು. ಇಷ್ಟೇ ಅವರ ಸರಂಜಾಮು.

ನಾನು ಹೋದ ಫೋಟೊ ಕಾರ್ಯಾಗಾರಗಳು ಮೂರ್ನಾಲ್ಕು. ಬೆಳಿಗ್ಗೆ ದೀಪ ಬೆಳಗುವುದು, ಅತಿಥಿಗಳ ಭಾಷಣ, ಹೊಸ ಲೆನ್ಸ್‌ನ ಪ್ರಾತ್ಯಕ್ಷಿಕೆ, ಮಧ್ಯಾಹ್ನ ಊಟ, ಪಲಾವ್ ಚೆನ್ನಾಗಿತ್ತು, ಸಂಜೆ ಸರ್ಟಿಫಿಕೇಟ್. ಕಲಿತಿಲ್ಲ ಅಂತಲ್ಲ. ಬೆಳಕಿನ ಬಗ್ಗೆ ಅಲ್ಲಿ ಕೇಳಿದ ಒಂದೆರಡು ಮಾತು ಇವತ್ತಿಗೂ ಉಪಯೋಗಕ್ಕೆ ಬರುತ್ತಿವೆ. ಆದರೆ ಅಪಘಾತದ ಜಾಗಕ್ಕೆ ಆಂಬುಲೆನ್ಸ್‌ಗಿಂತ ಮೊದಲು ಮುಟ್ಟಿದರೆ ಏನು ಮಾಡಬೇಕು ಎಂಬ ಪ್ರಶ್ನೆ ಒಂದರಲ್ಲೂ ಬರಲಿಲ್ಲ. ನಾನೂ ಕೇಳಲಿಲ್ಲ.

ಕೇಳುವಂತೆ ಮಾಡಿದ್ದು ಕೊಪ್ಪಳ. 2017ರ ಫೆಬ್ರವರಿ ಮೊದಲ ವಾರ ಇಡೀ ರಾಜ್ಯ ಆ ವಿಡಿಯೊ ನೋಡಿತು. ಬಸ್ ಡಿಕ್ಕಿಯಾಗಿ ಸೈಕಲ್ ಮೇಲಿದ್ದ 18 ವರ್ಷದ ಹುಡುಗ ರಸ್ತೆ ಮೇಲೆ ಬಿದ್ದು ನೆರವು ಬೇಡುತ್ತಿದ್ದ. ಸುತ್ತ ನಿಂತವರು ಮೊಬೈಲ್‌ನಲ್ಲಿ ಚಿತ್ರ ತೆಗೆಯುತ್ತಿದ್ದರು. ಆಸ್ಪತ್ರೆ ಸೇರುವಷ್ಟರಲ್ಲಿ ತಡವಾಗಿತ್ತು, ಹುಡುಗ ಉಳಿಯಲಿಲ್ಲ. ಜನರಿಗೆ ಮಾನವೀಯತೆ ಇಲ್ಲ ಅಂತ ಎಲ್ಲರೂ ಬೈದರು. ನಾನೂ ಬೈದೆ. ಆಮೇಲೆ ಅನಿಸಿತು: ಅಲ್ಲಿದ್ದವರಲ್ಲಿ ಕೆಲವರಾದರೂ ಏನು ಮಾಡಬೇಕು ಅಂತ ಗೊತ್ತಿಲ್ಲದೆ ನಿಂತಿರಬಹುದು. ಕೈಗೆ ಬೇರೆ ಕೆಲಸ ಗೊತ್ತಿಲ್ಲದಾಗ ಕೈ ತನಗೆ ಗೊತ್ತಿದ್ದ ಕೆಲಸ ಮಾಡುತ್ತದೆ. ಫೋಟೊಗ್ರಾಫರ್ ಕೈಗೆ ಗೊತ್ತಿರುವುದು ಒಂದೇ ಕೆಲಸ ಅಲ್ವಾ?

ನಮ್ಮ ಊರುಗಳಲ್ಲಿ ಇನ್ನೊಂದು ತಮಾಷೆ ಇದೆ. ಬಿಗಿಯಾಗಿ ಕಟ್ಟುವುದು ನಮಗೆ ಚೆನ್ನಾಗಿ ಗೊತ್ತು. ಹಾವು ಕಚ್ಚಿದರೆ ಮೊದಲು ಮಾಡುವುದೇ ಅದು. ಅಲ್ಲಿ ಮಾತ್ರ ಕಟ್ಟಬಾರದು, ಕಟ್ಟಿದರೆ ಕಾಲಿಗೇ ಕುತ್ತು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಟ್ಟಬೇಕಾದ ಕಡೆ, ಅಂದರೆ ಕಾಲಿನಿಂದ ರಕ್ತ ಚಿಮ್ಮುವಾಗ, ನಾವು ಅರಿಶಿನವನ್ನೋ ಕಾಫಿ ಪುಡಿಯನ್ನೋ ಹುಡುಕುತ್ತೇವೆ.

ಹಾಗಾಗಿ ಬ್ರಾಂಕ್ಸ್ ತರಗತಿಯನ್ನು ಹಾಗೇ ತಂದು ಇಲ್ಲಿ ಇಡಲು ಆಗುವುದಿಲ್ಲ. ನಮ್ಮ ಅಪಾಯಗಳ ಪಟ್ಟಿ ಬೇರೆ. ರಸ್ತೆ ಅಪಘಾತ, ಕಲ್ಲೇಟು, ನೆರೆ ನೀರು, ತುಂಡಾದ ವಿದ್ಯುತ್ ತಂತಿ, ಹಾವು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಜನ ಸತ್ತರಲ್ಲ, ಅಂಥ ನೂಕುನುಗ್ಗಲಿನಲ್ಲಿ ಹೋಗುವುದು ಉಸಿರು. ಅಲ್ಲಿ ಬೇಕಾದದ್ದು ಎದೆ ಒತ್ತುವ ವಿದ್ಯೆ. ತರಬೇತಿಗೆ ಜಿಲ್ಲಾಸ್ಪತ್ರೆಯ ತುರ್ತು ವಿಭಾಗದಲ್ಲಿ ದುಡಿದ ಇಬ್ಬರು ನರ್ಸ್‌ಗಳು, 108 ಆಂಬುಲೆನ್ಸ್‌ನ ಒಬ್ಬ ಸಿಬ್ಬಂದಿ ಸಾಕು. ಭಾಷಣಕಾರರು ಬೇಡ. ವರ್ಷ ಎರಡು ವರ್ಷಕ್ಕೊಮ್ಮೆ ಮತ್ತೆ ಮಾಡಿಸಬೇಕು, ಕೈ ಬಹಳ ಬೇಗ ಮರೆಯುತ್ತದೆ.

ನಾನು ಒಂದು ಟೂರ್ನಿಕೆ ತರಿಸಿಕೊಂಡೆ. ಆನ್‌ಲೈನ್‌ನಲ್ಲಿ ಅಗ್ಗದ ನಕಲಿಗಳು ಬೇಕಾದಷ್ಟಿವೆ, ತಿರುವುವಾಗಲೇ ಕಡ್ಡಿ ಮುರಿಯುವಂಥವು. ಮೊದಲು ಬಂದದ್ದು ಅಂಥದ್ದೇ, ವಾಪಸ್ ಕಳಿಸಿದೆ. ಎರಡನೆಯದನ್ನು ಪರಿಚಯದ ನರ್ಸ್ ಒಬ್ಬರ ಮುಂದೆ ನನ್ನ ತೊಡೆಗೇ ಹಾಕಿ ನೋಡಿದೆ. ಗಾಯದಿಂದ ಮೂರ್ನಾಲ್ಕು ಬೆರಳು ಮೇಲೆ, ಕೀಲಿನ ಮೇಲೆ ಬೇಡ, ಕಟ್ಟಿದ ಹೊತ್ತನ್ನು ಬರೆದಿಡಿ ಎಂದು ಅವರು ಹೇಳುತ್ತಿದ್ದರು. ಎರಡನೇ ಸುತ್ತಿಗೇ ಕಣ್ಣಲ್ಲಿ ನೀರು ಬಂತು. ಇನ್ನೂ ಒಂದು ಸುತ್ತು ಬೇಕು ಸಾರ್, ಇದು ಸಾಲಲ್ಲ ಅಂದರು.

ಅದು ಈಗ ಕ್ಯಾಮೆರಾ ಬ್ಯಾಗಿನ ಎಡಗಡೆಯ ಹೊರ ಜಿಪ್‌ನಲ್ಲಿದೆ. ಮೊದಲು ಅಲ್ಲಿ ಫ್ಲ್ಯಾಶ್‌ನ ಸೆಲ್‌ಗಳಿರುತ್ತಿದ್ದವು. ಅದನ್ನು ನನಗೆ ನಾನೇ ಹಾಕಿಕೊಳ್ಳುವ ಸ್ಥಿತಿಯಲ್ಲಿ ಇರುತ್ತೇನೆ ಅಂತ ಹೇಳಲಾಗದು. ಅದಕ್ಕೆ ಯಾವಾಗಲೂ ಜೊತೆಗೆ ಬರುವ ಗೆಳೆಯನಿಗೆ ಜಾಗ ತೋರಿಸಿಟ್ಟಿದ್ದೇನೆ, ಎರಡು ಸಲ ಅವನ ಕೈಯಲ್ಲಿ ಬಿಗಿಸಿಯೂ ನೋಡಿದ್ದೇನೆ. ಅವನ ಬ್ಯಾಗಿನಲ್ಲಿ ಇನ್ನೂ ಇಲ್ಲ. ಮುಂದಿನ ಪೇಮೆಂಟ್ ಬಂದ ಮೇಲೆ ತಗೋತೀನಿ ಅಂದಿದ್ದಾನೆ.